ಚಕ್ರ ನಿಂತಾಗ ಸ್ವಿಚ್ ಮುಟ್ಟಬೇಡಿ

ಪ್ರಶ್ನೆ: ಮೇಡಂ, ನಾವು ಮೂರನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೇವೆ. ರೋಬೋಕಾನ್ ಅನ್ನುವ ಕಾಲೇಜು ತಂಡಗಳ ಸ್ಪರ್ಧೆಗಾಗಿ ರೋಬಾಟ್ ಕಟ್ಟುತ್ತಿದ್ದೇವೆ. ಪಕ್ಕಕ್ಕೂ ಜರುಗಬಲ್ಲ ನಾಲ್ಕು ಮೆಕಾನಮ್ ಚಕ್ರ, ಮೋಟರಿಗೆ ಕರೆಂಟ್ ಕೊಡುವ ನಾಲ್ಕು ಬಿಟಿಎಸ್7960 ಮೋಟರ್ ಡ್ರೈವರ್, ಕೋಡ್ ಓಡಿಸುವ ಆರ್ಡುಯಿನೊ ಮೆಗಾ ಬೋರ್ಡ್, 6 ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಸ್ಟ್ಯಾಂಡ್ ಮೇಲೆ ಎತ್ತಿಟ್ಟರೆ ಎಷ್ಟು ಹೊತ್ತಾದರೂ ತಿರುಗುತ್ತದೆ. ನೆಲಕ್ಕೆ ಇಳಿಸಿ ಓಡಿಸಿದರೆ ಎರಡು ಮೂರು ನಿಮಿಷಕ್ಕೆ ಒಂದು ಚಕ್ರ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಹೆಚ್ಚಾಗಿ ಮುಂದಿನ ಎಡಗಡೆಯದೇ ಮೊದಲು. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಓಡುತ್ತದೆ. ಎರಡು ಡ್ರೈವರ್ ಬದಲಾಯಿಸಿದ್ದೇವೆ, ಕೋಡ್ ಮೂರು ಸಲ ಹೊಸದಾಗಿ ಬರೆದಿದ್ದೇವೆ. ಮೋಟರ್ ಕೀರಲು ಸದ್ದು ಮಾಡುತ್ತಿತ್ತು ಅಂತ ಕಳೆದ ತಿಂಗಳು ಪಿಡಬ್ಲ್ಯೂಎಂ (ವೇಗ ಹೊಂದಿಸಲು ಕರೆಂಟನ್ನು ಪಟಪಟನೆ ಆನ್-ಆಫ್ ಮಾಡುವುದು) ಫ್ರೀಕ್ವೆನ್ಸಿಯನ್ನು 31 ಕಿಲೋಹರ್ಟ್ಸ್‌ಗೆ ಏರಿಸಿದ್ದೇವೆ. ಇದು ಸಾಲದು ಅಂತ, ಕಳೆದ ವಾರ ರೋಬಾಟ್‌ನ ಕೈಗೆ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್) ಹಾಕಿದ ಮೇಲೆ ಹಿಂದಿನ ಬಲಗಡೆಯ ಚಕ್ರ ಸ್ಟ್ಯಾಂಡ್ ಮೇಲೂ ತಿರುಗುತ್ತಿಲ್ಲ. ನಾವು ಬಳಸುವ ಪಿನ್‌ಗಳು 2-3, 5-6, 7-8 ಮತ್ತು 44-45. ಹಿಂದಿನ ಬಲಗಡೆಯದು 44-45ರಲ್ಲಿದೆ. ಡ್ರೈವರನ್ನು ಆನ್ ಇಡುವ ಎಲ್ಲ ಇಎನ್ (ಎನೇಬಲ್) ಪಿನ್‌ಗಳನ್ನೂ 5 ವೋಲ್ಟ್‌ಗೆ ಕಟ್ಟಿದ್ದೇವೆ. ಡ್ರೈವರ್‌ಗಳು ಹೋಗಿವೆಯೇ? ದುಬಾರಿಯದು ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್‌ಗೆ ಹೋಗುವ ಬಸ್ಸನ್ನೂ ಹತ್ತಬೇಡಿ. ಬೇಕಾದ ಸುಳಿವೆಲ್ಲ ನಿಮ್ಮ ಪತ್ರದಲ್ಲೇ ಇದೆ. ಆದರೆ ನೀವು ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಅಂದುಕೊಂಡು ಒಂದೇ ಔಷಧಿ ಹುಡುಕುತ್ತಿದ್ದೀರಿ. ಹಿಂದಿನ ಬಲಗಡೆಯ ಚಕ್ರ ಯಾವಾಗಲೂ ಸುಮ್ಮನಿದೆ. ಉಳಿದವು ಓಡಿ ಓಡಿ ಸುಮ್ಮನಾಗುತ್ತವೆ. ಮೊದಲನೆಯದು ಕೋಡಿನದು, ಎರಡನೆಯದು ಬಿಸಿಯದು.

ಸುಲಭದ್ದನ್ನು ಮೊದಲು ಮುಗಿಸೋಣ. ಮೆಗಾ ಬೋರ್ಡಿನಲ್ಲಿ ಪ್ರತಿ ಪಿಡಬ್ಲ್ಯೂಎಂ ಪಿನ್ನಿನ ಹಿಂದೆ, ಆ ಆನ್-ಆಫ್‌ನ ಲೆಕ್ಕ ಇಡುವ ಒಂದು ಟೈಮರ್ ಕೂತಿರುತ್ತದೆ. 2, 3, 5ಕ್ಕೆ ಟೈಮರ್ 3. 6, 7, 8ಕ್ಕೆ ಟೈಮರ್ 4. 44, 45, 46ಕ್ಕೆ ಟೈಮರ್ 5. ಆರ್ಡುಯಿನೊದ ಸರ್ವೊ ಲೈಬ್ರರಿ ಮೆಗಾದಲ್ಲಿ ಮೊದಲು ಕೈ ಹಾಕುವುದೇ ಟೈಮರ್ 5ಕ್ಕೆ. ಸರ್ವೊವನ್ನು ನೀವು ಯಾವ ಪಿನ್ನಿಗೆ ಸಿಕ್ಕಿಸಿದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಒಂದು ಸರ್ವೊ ಜೋಡಿಸಿದ ಕೂಡಲೇ 44, 45, 46 ಮೂರರಲ್ಲೂ ಪಿಡಬ್ಲ್ಯೂಎಂ ಹೋಯಿತು. ಕಂಪೈಲ್ ಮಾಡುವಾಗ ಎರರ್ ಬರುವುದಿಲ್ಲ, ವಾರ್ನಿಂಗೂ ಇಲ್ಲ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ ನೋಡಿ. ರೋಬಾಟನ್ನು ಸ್ಟ್ಯಾಂಡ್ ಮೇಲೆ ಇಟ್ಟು ಆ ಚಕ್ರಕ್ಕೆ ಅನಲಾಗ್‌ರೈಟ್‌ನಲ್ಲಿ (0ಯಿಂದ 255ರವರೆಗೆ ವೇಗ ಹೇಳುವ ಆರ್ಡುಯಿನೊ ಆಜ್ಞೆ) 200 ಕೊಡಿ. ತಿರುಗುವುದಿಲ್ಲ. ಈಗ 255 ಕೊಡಿ. ಎದೆ ಝಲ್ಲೆನ್ನುವಂತೆ ಫುಲ್ ಸ್ಪೀಡಿನಲ್ಲಿ ತಿರುಗುತ್ತದೆ. ಯಾಕೆಂದರೆ 255 ಅಂದಾಗ ಆರ್ಡುಯಿನೊ ಟೈಮರ್ ಗೊಡವೆಗೆ ಹೋಗುವುದಿಲ್ಲ, ಪಿನ್ನನ್ನು ನೇರವಾಗಿ ಹೈ ಮಾಡಿಬಿಡುತ್ತದೆ. ಡ್ರೈವರ್, ವೈರ್, ಮೋಟರ್ ಮೂರೂ ಚೆನ್ನಾಗಿವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಆ ಎರಡು ವೈರುಗಳನ್ನು 44-45ರಿಂದ ತೆಗೆದು 11-12ಕ್ಕೆ ಹಾಕಿ, ಕೋಡಿನಲ್ಲೂ ಬದಲಾಯಿಸಿ. ಅವು ಟೈಮರ್ 1ರವು, ಒಂದೆರಡು ಸರ್ವೊ ಇದ್ದರೆ ಏನೂ ತೊಂದರೆ ಇಲ್ಲ. ಹಾಗೆಯೇ ಫ್ರೀಕ್ವೆನ್ಸಿ ಏರಿಸಲು ಟೈಮರ್ 5ಕ್ಕೆ ಬರೆದಿದ್ದ ಸಾಲನ್ನು ಅಳಿಸಿಬಿಡಿ. ಮುಂದೆ ಯಾರಾದರೂ ಆ ಸಾಲನ್ನು ಸರ್ವೊ ಜೋಡಿಸುವ ಸಾಲಿನ ಕೆಳಗೆ ತಂದಿಟ್ಟರೆ ಸರ್ವೊ ಹುಚ್ಚುಚ್ಚಾಗಿ ಆಡುತ್ತದೆ. ಆಗ ಇನ್ನೊಂದು ಪತ್ರ ಬರೆಯುತ್ತೀರಿ.

ಇನ್ನು ಎರಡನೆಯದು. ಇದರಲ್ಲಿ ನಿಮ್ಮನ್ನು ಸ್ವಲ್ಪ ಬೈಯಬೇಕು.

ಚಕ್ರ ನಿಂತಾಗಲೆಲ್ಲ ನೀವು ಏನು ಮಾಡಿದಿರಿ? ಸ್ವಿಚ್ ಆಫ್, ಸ್ವಿಚ್ ಆನ್. ಮನೆಯಲ್ಲಿ ಟಿವಿ ಕೆಟ್ಟಾಗ ಮಾಡುವ ಕೆಲಸ. ಚಕ್ರ ಓಡಿತು, ಸರಿ. ಆದರೆ ಅದು ಯಾಕೆ ನಿಂತಿತ್ತು ಅಂತ ಹೇಳುವ ಸಾಕ್ಷಿಯೆಲ್ಲ ಆ ಕ್ಷಣಕ್ಕೆ ಅಳಿಸಿಹೋಯಿತು. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ. ಆಮೇಲೆ ಡ್ರೈವರ್ ಬದಲಾಯಿಸಿದಿರಿ, ಕೋಡ್ ಮೂರು ಸಲ ಬರೆದಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು.

ಮುಂದಿನ ಸಲ ಚಕ್ರ ನಿಂತಾಗ ಯಾರೂ ಸ್ವಿಚ್ ಮುಟ್ಟಬೇಡಿ. ಎಮರ್ಜೆನ್ಸಿ ಬಟನ್ ಕೂಡ ಒತ್ತಬೇಡಿ, ಆದರೆ ಒಬ್ಬರ ಕೈ ಅದರ ಮೇಲೇ ಇರಲಿ. ಜಾಯ್‌ಸ್ಟಿಕ್ ಬಿಟ್ಟು, ಇಬ್ಬರು ಸೇರಿ ರೋಬಾಟನ್ನು ಹಾಗೇ ಎತ್ತಿ ಸ್ಟ್ಯಾಂಡ್ ಮೇಲೆ ಇಡಿ. ಚಕ್ರದ ಹತ್ತಿರ ಬೆರಳು, ಐಡಿ ಕಾರ್ಡಿನ ದಾರ, ವೇಲು ಯಾವುದೂ ಬೇಡ. ಈಗ ಆ ಒಂದು ಚಕ್ರಕ್ಕೆ ಮಾತ್ರ ಅರ್ಧ ಸ್ಪೀಡ್ ಕೊಡುವ ಟೆಸ್ಟ್ ಬಟನ್ ಒಂದಿರಬೇಕು. ಇಲ್ಲದಿದ್ದರೆ ಇವತ್ತೇ ಕೋಡಿಗೆ ಸೇರಿಸಿಕೊಳ್ಳಿ. ಅದನ್ನು ಒತ್ತಿ ಹಿಡಿದು ಮಲ್ಟಿಮೀಟರ್ ತೆಗೆಯಿರಿ.

2022ರಲ್ಲಿ ಎಬಿಯು ರೋಬೋಕಾನ್ ದಿಲ್ಲಿಯಲ್ಲಿ ನಡೆದಾಗ ಆಟ ಯಾವುದಿತ್ತು ಗೊತ್ತಲ್ವಾ? ನಮ್ಮ ಲಗೋರಿ. ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸುವಾಗ ಯಾರೂ ಮೇಲಿನ ಸಣ್ಣ ಕಲ್ಲಿನಿಂದ ಶುರು ಮಾಡುವುದಿಲ್ಲ. ಇಲ್ಲೂ ಅಷ್ಟೇ. ಕೋಡ್ ಅನ್ನುವುದು ಎಲ್ಲಕ್ಕಿಂತ ಮೇಲಿನ ಕಲ್ಲು. ಕೆಳಗಿನ ಕಲ್ಲು ಬ್ಯಾಟರಿ.

ಮೀಟರಿನ ಕಪ್ಪು ಮೊನೆಯನ್ನು ಆ ಡ್ರೈವರಿನದೇ ಗ್ರೌಂಡ್‌ಗೆ ಇಡಿ, ಬ್ಯಾಟರಿಯ ಮೈನಸ್‌ಗೆ ಅಲ್ಲ. ದೂರದ ಗ್ರೌಂಡ್‌ನಿಂದ ಅಳೆದರೆ ನಡುವಿನ ವೈರಿನ ತಪ್ಪು ಕಾಣುವುದೇ ಇಲ್ಲ. ಕೆಂಪು ಮೊನೆ ಮೊದಲು ಬಿ ಪ್ಲಸ್ ಸ್ಕ್ರೂ ಮೇಲೆ, ಅಂದರೆ ಬ್ಯಾಟರಿಯ ಪ್ಲಸ್ ಬರುವ ಜಾಗ. 6 ಸೆಲ್ ಲಿಪೊ ತುಂಬಿದಾಗ 25.2 ವೋಲ್ಟ್, ಸಾಮಾನ್ಯವಾಗಿ 22 ರಿಂದ 25ರೊಳಗೆ ಬರಬೇಕು. ಆಮೇಲೆ ಮಾಡ್ಯೂಲಿಗೆ ಸಪ್ಲೈ ಕೊಡುವ ವಿಸಿಸಿ ಪಿನ್, 5 ವೋಲ್ಟ್. ಆಮೇಲೆ ಎರಡೂ ಇಎನ್ ಪಿನ್, ಅವೂ 5. ಆಮೇಲೆ ಆರ್ಡುಯಿನೊದ ವೇಗದ ಸಿಗ್ನಲ್ ಬರುವ ಆರ್‌ಪಿಡಬ್ಲ್ಯೂಎಂ ಪಿನ್. ಅರ್ಧ ಸ್ಪೀಡ್ ಕೊಟ್ಟಿದ್ದರೆ ಸಾದಾ ಮೀಟರ್ ಸುಮಾರು ಎರಡೂವರೆ ವೋಲ್ಟ್ ತೋರಿಸುತ್ತದೆ. ಅಲ್ಲಿ ಎರಡೂವರೆ ಇದ್ದರೆ ಆರ್ಡುಯಿನೊ ತನ್ನ ಕೆಲಸ ಮಾಡಿದೆ, ಕೋಡನ್ನು ನಾಲ್ಕನೇ ಸಲ ಬರೆಯುವುದು ಬೇಡ. ಕೊನೆಗೆ ಮೋಟರಿನ ಎರಡು ಸ್ಕ್ರೂಗಳ ನಡುವೆ ಅಳೆಯಿರಿ.

ನನ್ನ ಅಂದಾಜು ಹೀಗಿದೆ. ಒಳಗೆ ಬರುವುದೆಲ್ಲ ಸರಿ ಇರುತ್ತದೆ, ಹೊರಗೆ ಹೋಗುವುದು ಸೊನ್ನೆ ಇರುತ್ತದೆ. ಆಗ ಇನ್ನೆರಡು ಪಿನ್ ನೋಡಿ. ಯಾರೂ ವೈರ್ ಹಾಕದೆ ಖಾಲಿ ಬಿಡುವ ಆರ್ ಐಎಸ್ ಮತ್ತು ಎಲ್ ಐಎಸ್. ಆರಾಮವಾಗಿ ಓಡುತ್ತಿರುವ ಡ್ರೈವರಿನಲ್ಲಿ ಇವು ಕರೆಂಟಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ತೋರಿಸುತ್ತವೆ. ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಾಗಿಲು ಹಾಕಿಕೊಂಡಿದ್ದರೆ ಎರಡರಲ್ಲಿ ಒಂದು ಎದ್ದು ಕಾಣುವಷ್ಟು ಮೇಲಕ್ಕೆ ಏರಿರುತ್ತದೆ. ಪಕ್ಕದ, ಇನ್ನೂ ಓಡುತ್ತಿರುವ ಡ್ರೈವರಿನ ಐಎಸ್ ಜೊತೆ ಹೋಲಿಸಿ ನೋಡಿ, ಗೊತ್ತಾಗುತ್ತದೆ. ಸದ್ಯ ಮೀಟರಿನಲ್ಲಿ ಮಾತ್ರ ನೋಡಿ. ಆ ಪಿನ್ನನ್ನು ನೇರವಾಗಿ ಆರ್ಡುಯಿನೊಗೆ ಸಿಕ್ಕಿಸಬೇಡಿ.

ಈ ಮಾಡ್ಯೂಲಿನಲ್ಲಿ ಎರಡು ಬಿಟಿಎಸ್7960 ಚಿಪ್‌ಗಳಿವೆ. ಮೋಟರಿನ ಒಂದೊಂದು ತುದಿಗೆ ಒಂದೊಂದು. ಚಿಪ್ಪಿನ ಒಳಗಿನ ಬಿಸಿ 150 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೆ ಹೋದರೆ ಅದು ತನ್ನ ಔಟ್‌ಪುಟ್ ಬಂದ್ ಮಾಡುತ್ತದೆ. ಎರಡರಲ್ಲಿ ಒಂದು ಮುನಿಸಿಕೊಂಡರೂ ಸಾಕು, ಚಕ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇದರ ವಿಶೇಷ ಏನೆಂದರೆ, ತಣ್ಣಗಾದ ಮೇಲೂ ಅದು ತಾನಾಗಿ ಎದ್ದು ಬರುವುದಿಲ್ಲ. ಯಾರಾದರೂ ಇಎನ್ ಪಿನ್ನನ್ನು ಒಮ್ಮೆ ಲೋ ಮಾಡಿ ಮತ್ತೆ ಹೈ ಮಾಡಬೇಕು. ನೀವು ಇಎನ್‌ಗಳನ್ನೆಲ್ಲ 5 ವೋಲ್ಟ್‌ಗೆ ಬಿಗಿದು ಕಟ್ಟಿದ್ದೀರಿ. ಹಾಗಾಗಿ ಅದನ್ನು ಎಬ್ಬಿಸಲು ನಿಮಗೆ ಉಳಿದದ್ದು ಮೇನ್ ಸ್ವಿಚ್ ಒಂದೇ. ಆಫ್-ಆನ್ ಮಾಡಿದರೆ ಸರಿಹೋಗುತ್ತದೆ ಅನ್ನುವ ನಿಮ್ಮ ಪವಾಡದ ಗುಟ್ಟು ಇದು. ಬ್ಲೂಟೂತ್ ಲಿಂಕ್ ಕಡಿದಿದ್ದರೆ ಅಥವಾ ಮೆಗಾ ರೀಸೆಟ್ ಆಗಿದ್ದರೆ ಚಕ್ರಗಳೆಲ್ಲ ಒಟ್ಟಿಗೇ ನಿಲ್ಲುತ್ತಿದ್ದವು. ನಿಮ್ಮವು ಒಂದೊಂದಾಗಿ ನಿಲ್ಲುತ್ತಿವೆ. ಓದಿದ ಕೂಡಲೇ ನನಗೆ ಬಿಸಿಯ ಮೇಲೆ ಅನುಮಾನ ಬಂದಿದ್ದು ಅದಕ್ಕೇ.

ಬಿಸಿ ಎಲ್ಲಿಂದ ಬಂತು? ಫ್ರೀಕ್ವೆನ್ಸಿಯಿಂದ. ಆರ್ಡುಯಿನೊ ಸುಮ್ನೆ ಬಿಟ್ಟರೆ ಈ ಪಿನ್‌ಗಳಲ್ಲಿ ಸೆಕೆಂಡಿಗೆ 490 ಸಲ ಆನ್-ಆಫ್ ಮಾಡುತ್ತದೆ. ನೀವು ಅದನ್ನು 31,372ಕ್ಕೆ ಏರಿಸಿದ್ದೀರಿ. 64 ಪಟ್ಟು. ಪ್ರತಿ ಸಲ ಆನ್ ಆಗುವಾಗ, ಆಫ್ ಆಗುವಾಗ ಚಿಪ್ಪಿನಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಆ ಬಾಬ್ತು ಈಗ 64 ಪಟ್ಟಾಗಿದೆ. ಈ ಚಿಪ್ಪಿಗೆ ಹೇಳಿರುವ ಮಿತಿಯೇ 25 ಕಿಲೋಹರ್ಟ್ಸ್, ನೀವು ಅದನ್ನೂ ದಾಟಿದ್ದೀರಿ. ಸ್ಟ್ಯಾಂಡ್ ಮೇಲೆ ಚಕ್ರಕ್ಕೆ ಭಾರವಿಲ್ಲ, ಕರೆಂಟ್ ಕಡಿಮೆ, ಹಾಗಾಗಿ ಹೇಗೋ ನಡೆಯುತ್ತದೆ. ನೆಲಕ್ಕೆ ಇಳಿಸಿದರೆ, ಅದರಲ್ಲೂ ಮೆಕಾನಮ್ ಚಕ್ರದಲ್ಲಿ ಪಕ್ಕಕ್ಕೆ ಜರುಗಿಸುವಾಗ, ಕರೆಂಟ್ ಎದ್ದುಬಿಡುತ್ತದೆ. 20 ಆಂಪಿಯರ್ ಹರಿದರೆ ಚಿಪ್‌ಗಳ ಸುಮಾರು 16 ಮಿಲಿಓಮ್ ದಾರಿಯಲ್ಲೇ ಆರು ವ್ಯಾಟ್‌ಗಿಂತ ಜಾಸ್ತಿ ಬಿಸಿ. ಆನ್-ಆಫ್ ಮಾಡುವ ಬಿಸಿ ಅದರ ಮೇಲೆ ಬೇರೆ.

ಅಂಗಡಿಯವರು ಈ ಮಾಡ್ಯೂಲನ್ನು 43 ಆಂಪಿಯರ್ ಡ್ರೈವರ್ ಅಂತ ಮಾರುತ್ತಾರೆ. ಅದು ಚಿಪ್ ಸಾಕಪ್ಪಾ ಅಂತ ಕರೆಂಟನ್ನು ತಡೆಯುವ ಮಟ್ಟ, ದಿನವಿಡೀ ಹೊರುವ ಭಾರ ಅಲ್ಲ. ಹಮಾಲರು ಒಮ್ಮೆ ನೂರು ಕೆಜಿ ಮೂಟೆ ಎತ್ತಿದರು ಅಂತ ದಿನಪೂರ್ತಿ ಅದನ್ನೇ ಹೊರಿಸುತ್ತೀರಾ?

ಮಾಡ್ಯೂಲನ್ನು ತಿರುಗಿಸಿ ನೋಡಿ. ಹೀಟ್ ಸಿಂಕ್ ಬೋರ್ಡಿನ ಒಂದು ಬದಿಗಿದೆ, ಚಿಪ್‌ಗಳು ಇನ್ನೊಂದು ಬದಿಗಿವೆ. ಬಿಸಿ ಬೋರ್ಡನ್ನೇ ದಾಟಿಕೊಂಡು ಅಲ್ಯುಮಿನಿಯಂಗೆ ಹೋಗಬೇಕು. ಅದನ್ನು ಹಿಡಿದಿಟ್ಟಿರುವ ಸ್ಕ್ರೂ ಸಡಿಲವಾಗಿದ್ದರೆ ನಡುವೆ ಗಾಳಿ ಸೇರಿಕೊಂಡು ಹೀಟ್ ಸಿಂಕ್ ಬರೀ ಅಲಂಕಾರಕ್ಕೆ ಉಳಿಯುತ್ತದೆ. ಓಡಿಸಿದ ಮೇಲೆ ಚಿಪ್ ಬದಿ ಸುಡುತ್ತಿದ್ದು, ಅಲ್ಯುಮಿನಿಯಂ ತಣ್ಣಗಿದ್ದರೆ ಅದೇ ಕಥೆ. ಮುಂದಿನ ಎಡಗಡೆಯ ಡ್ರೈವರ್ ಎಲ್ಲಿ ಕೂತಿದೆ ಅಂತ ನೀವು ಬರೆದಿಲ್ಲ. ಬ್ಯಾಟರಿ ಪಕ್ಕದಲ್ಲೋ, ಎರಡು ಅಕ್ರಿಲಿಕ್ ಪ್ಲೇಟ್‌ಗಳ ನಡುವೆ ಗಾಳಿಯಾಡದ ಮೂಲೆಯಲ್ಲೋ ಇರಬೇಕು. ಮೊದಲು ಅದೇ ನಿಲ್ಲುವುದಕ್ಕೆ ಬೇರೆ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಈಗ ಮಾಡಬೇಕಾದದ್ದು. ಟೈಮರ್ 1, 3, 4ರ ಪ್ರೀಸ್ಕೇಲರ್ (ಟೈಮರಿನ ಓಟವನ್ನು ಭಾಗಿಸಿ ನಿಧಾನ ಮಾಡುವ ಸಂಖ್ಯೆ) ಅನ್ನು 1ರ ಬದಲು 8 ಮಾಡಿ. ಫ್ರೀಕ್ವೆನ್ಸಿ 3,921 ಹರ್ಟ್ಸ್‌ಗೆ ಇಳಿಯುತ್ತದೆ. ಕೀರಲು ಸದ್ದು ವಾಪಸ್ ಬರುತ್ತದೆ. ಬರಲಿ ಬಿಡಿ. ಅಂಕಣದಲ್ಲಿ ನಿಮ್ಮ ಮೋಟರಿನ ಸಂಗೀತ ಕೇಳಲು ಯಾರೂ ಬರುವುದಿಲ್ಲ. 20 ಕಿಲೋಹರ್ಟ್ಸ್‌ನಲ್ಲಿ ನಿಲ್ಲಿಸಿದರೆ ಮಿತಿಯ ಒಳಗೇ ಇರುತ್ತೇವಲ್ಲ ಅಂತ ತಂಡದಲ್ಲಿ ಯಾರಾದರೂ ವಾದಿಸಬಹುದು. ನಿಜ, ಆದರೆ ಈ ಪುಟ್ಟ ಹೀಟ್ ಸಿಂಕ್ ನಂಬಿಕೊಂಡು ನಾನಂತೂ ಹಾಗೆ ಮಾಡುವುದಿಲ್ಲ. ಟೈಮರ್ 0 ಮಾತ್ರ ಮುಟ್ಟಬೇಡಿ, ಸಮಯ ಲೆಕ್ಕ ಹಾಕುವ ಡಿಲೇ ಮತ್ತು ಮಿಲಿಸ್ ಆಜ್ಞೆಗಳೆರಡೂ ಅದರ ಮೇಲೇ ನಡೆಯುತ್ತವೆ.

ಆಮೇಲೆ ಇಎನ್. ಪ್ರತಿ ಡ್ರೈವರಿನ ಆರ್ ಇಎನ್ ಮತ್ತು ಎಲ್ ಇಎನ್ ಎರಡನ್ನೂ ಸೇರಿಸಿ ಮೆಗಾದ ಒಂದು ಡಿಜಿಟಲ್ ಪಿನ್ನಿಗೆ ತನ್ನಿ. ನಾಲ್ಕು ಡ್ರೈವರಿಗೆ ನಾಲ್ಕು ಪಿನ್. ಪ್ರತಿಯೊಂದಕ್ಕೂ ಗ್ರೌಂಡ್ ಕಡೆಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ, ಬೋರ್ಡ್ ಬೂಟ್ ಆಗುವಾಗ ಚಕ್ರ ಎಗರುವುದಿಲ್ಲ. ಯಾವುದಾದರೂ ಚಕ್ರ ನಿಂತರೆ ಜಾಯ್‌ಸ್ಟಿಕ್‌ನ ಒಂದು ಬಟನ್ ಒತ್ತಿದಾಗ ಆ ಪಿನ್ ಹತ್ತು ಮಿಲಿಸೆಕೆಂಡ್ ಲೋ ಆಗಿ ಮತ್ತೆ ಹೈ ಆಗಲಿ. ಪಂದ್ಯದ ನಡುವೆ ಕೈ ಹಿಡಿಯುತ್ತದೆ. ಆದರೆ ಪ್ರಾಕ್ಟೀಸ್‌ನಲ್ಲಿ ಆ ಬಟನ್ ಎಷ್ಟು ಸಲ ಒತ್ತಿದಿರಿ ಅಂತ ಬರೆದಿಡಿ. ಐದು ನಿಮಿಷಕ್ಕೆ ಒಂದು ಸಲ ಬೇಕಾದರೂ ಬಿಸಿ ಇನ್ನೂ ಹೋಗಿಲ್ಲ ಅಂತಲೇ ಅರ್ಥ. ಹೀಟ್ ಸಿಂಕ್ ಸ್ಕ್ರೂ ಬಿಗಿ ಮಾಡಿ, ಮೇಲೊಂದು 40 ಮಿಲಿಮೀಟರ್ ಫ್ಯಾನ್ ಕೂರಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ಅಳೆದಾಗ ಬಿ ಪ್ಲಸ್‌ನಲ್ಲೇ ವೋಲ್ಟೇಜ್ ಇಲ್ಲದೆ ಹೋದರೆ ನನ್ನ ಅಂದಾಜು ತಪ್ಪು, ನಿಮ್ಮ ಮೀಟರ್ ಸರಿ. ನಾನು ಓದುವಾಗ ನಮ್ಮ ತಂಡಕ್ಕೆ ಹೀಗೇ ಆಗಿತ್ತು. ಒಂದು ಡ್ರೈವರ್ ಆಗಾಗ ಸಾಯುತ್ತಿತ್ತು. ಮೂರು ಬದಲಾಯಿಸಿದೆವು. ಮೀಟರನ್ನು ಕಂಟಿನ್ಯುಟಿಗೆ (ವೈರ್ ತುಂಡಾಗಿಲ್ಲದಿದ್ದರೆ ಬೀಪ್ ಅನ್ನುವ ಸ್ಥಾನ) ಇಟ್ಟು ನೋಡಿದರೆ ಪ್ರತಿ ಸಲವೂ ಬೀಪ್. ಪಂದ್ಯದ ಹಿಂದಿನ ರಾತ್ರಿ ಬೇಸತ್ತು ನಾನು ಆ ವೈರನ್ನು ಜೋರಾಗಿ ಎಳೆದೆ. ವೈರಿನ ತುದಿಯ ಲೋಹದ ಲಗ್ ಕೈಗೇ ಬಂತು. ಅದನ್ನು ಒತ್ತಿ ಕಚ್ಚಿಸಿ ಕ್ರಿಂಪ್ ಮಾಡಿದವಳು ನಾನೇ. ತಾಮ್ರದ ಬದಲು ಮೇಲಿನ ಪ್ಲಾಸ್ಟಿಕ್ಕನ್ನೇ ಕಚ್ಚಿಸಿಬಿಟ್ಟಿದ್ದೆ, ಎರಡೋ ಮೂರೋ ಎಳೆ ಮಾತ್ರ ಒಳಗೆ ತಾಗುತ್ತಿತ್ತು. ಬೀಪ್ ಅನ್ನಲು ಮೀಟರಿಗೆ ಒಂದು ಎಳೆ ಸಾಕು. 20 ಆಂಪಿಯರ್ ಹರಿಯಲು ಸಾಲದು.

ಹಾಗಾಗಿ ಪವರ್ ವೈರುಗಳಿಗೆ ಬೀಪ್ ಪರೀಕ್ಷೆ ನಂಬಬೇಡಿ. ಒಂದು ಮೊನೆ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಡ್ರೈವರಿನ ಬಿ ಪ್ಲಸ್ ಮೇಲೆ. ರೋಬಾಟನ್ನು ಗೋಡೆಗೆ ಒತ್ತಿಸಿ ಒಂದೆರಡು ಸೆಕೆಂಡ್ ಮಾತ್ರ ಭಾರ ಕೊಡಿ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಎಲ್ಲೋ ಲೂಸ್ ಇದೆ. 20 ಆಂಪಿಯರಿಗೆ ಅರ್ಧ ವೋಲ್ಟ್ ಅಂದರೆ ಹತ್ತು ವ್ಯಾಟ್, ಒಂದು ಸಣ್ಣ ಕನೆಕ್ಟರ್ ಕರಗಲು ಧಾರಾಳ. ಮೈನಸ್ ಕಡೆಯೂ ಹಾಗೇ ಅಳೆಯಿರಿ. ಹೆಚ್ಚಿನವರು ಮರೆಯುವುದು ಅದನ್ನೇ.

ಎಮರ್ಜೆನ್ಸಿ ಬಟನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದು ಬ್ಯಾಟರಿಯಿಂದ ಡ್ರೈವರಿಗೆ ಹೋಗುವ ದಾರಿಯನ್ನು ಮಾತ್ರ ಕಡಿದು, ಮೆಗಾ ಬೇರೆ ಸಪ್ಲೈನಲ್ಲಿ ಬದುಕಿದ್ದರೆ ಒಂದು ಅಪಾಯ ಇದೆ. ರೋಬಾಟ್ ವೇಗವಾಗಿ ಓಡುವಾಗ ಬಟನ್ ಒತ್ತಿದಿರಿ ಅನ್ನಿ. ಕೋಡ್ ಇನ್ನೂ ಪಿಡಬ್ಲ್ಯೂಎಂ ಕೊಡುತ್ತಾ ನಿಧಾನ ಮಾಡಲು ನೋಡುತ್ತದೆ. ಮೋಟರ್ ಡೈನಮೊ ಆಗಿ ಕರೆಂಟನ್ನು ವಾಪಸ್ ತಳ್ಳುತ್ತದೆ. ನುಂಗಿಕೊಳ್ಳಲು ಬ್ಯಾಟರಿ ಇಲ್ಲ. ವೋಲ್ಟೇಜ್ ಮೇಲಕ್ಕೆ ಹಾರುತ್ತದೆ. ಇಪ್ಪತ್ತೇಳು, ಇಪ್ಪತ್ತೆಂಟು ವೋಲ್ಟ್ ದಾಟಿದಾಗ ಚಿಪ್ ತಡೆಯಲು ನೋಡುತ್ತದೆ. 45 ದಾಟಿದರೆ ನಿಜಕ್ಕೂ ಸಾಯುತ್ತದೆ. ಅಣಬೆ ಬಟನ್ನಿನ ಹಿಂದೆ ಸಾಮಾನ್ಯವಾಗಿ ಇನ್ನೊಂದು ಕಾಂಟ್ಯಾಕ್ಟ್ ಬ್ಲಾಕ್ ಸಿಕ್ಕಿಸಲು ಜಾಗ ಇರುತ್ತದೆ. ಅದರಿಂದ ಎರಡು ತೆಳು ವೈರ್ ಎಳೆದು ಮೆಗಾಗೆ ಕೊಡಿ. ಬಟನ್ ಒತ್ತಿದ ಕೂಡಲೇ ನಾಲ್ಕೂ ಇಎನ್ ಲೋ ಆಗಬೇಕು. ಮೋಟರುಗಳು ಹಾಗೇ ಉರುಳಿ ನಿಲ್ಲುತ್ತವೆ.

ಇನ್ನೊಂದು. ಮೆಗಾ ಬಿಟ್ಟು ಇಎಸ್‌ಪಿ32 ಅನ್ನುವ ಇನ್ನೊಂದು ಬೋರ್ಡಿಗೆ ಹೋಗೋಣ ಅನ್ನುವ ಮಾತು ನಿಮ್ಮ ತಂಡದಲ್ಲೂ ಎದ್ದಿರುತ್ತದೆ, ಎಲ್ಲ ತಂಡಗಳಲ್ಲೂ ಏಳುತ್ತದೆ. ಹೋಗುವುದಾದರೆ ನೆನಪಿಡಿ, ಅದರ ಪಿನ್‌ಗಳು ಕೊಡುವುದು 3.3 ವೋಲ್ಟ್. ಈ ಮಾಡ್ಯೂಲಿನ ಮುಂದೆ ಕೂತಿರುವ 74ಎಚ್‌ಸಿ244 ಅನ್ನುವ ಬಫರ್ ಚಿಪ್ 5 ವೋಲ್ಟ್‌ನಲ್ಲಿ ಓಡುವಾಗ ಸುಮಾರು 3.5 ಬಂದರೆ ಮಾತ್ರ ಹೈ ಅಂತ ಗ್ಯಾರಂಟಿಯಾಗಿ ಒಪ್ಪುತ್ತದೆ. ಮೇಜಿನ ಮೇಲೆ ಓಡುತ್ತದೆ, ಅಂಕಣದಲ್ಲಿ ಕೈ ಕೊಡುತ್ತದೆ. ನಡುವೆ 3.3 ವೋಲ್ಟನ್ನು 5ಕ್ಕೆ ಏರಿಸುವ ಲೆವೆಲ್ ಶಿಫ್ಟರ್ ಹಾಕದೆ ಹೋಗಬೇಡಿ. ಸ್ಪರ್ಧೆ ಹತ್ತಿರ ಬಂದಿದ್ದರೆ ಆ ಮಾತನ್ನೇ ಎತ್ತಬೇಡಿ.

ಬಿಚ್ಚಿಟ್ಟ ಆ ಎರಡು ಹಳೆಯ ಡ್ರೈವರ್‌ಗಳನ್ನು ಎಸೆದಿಲ್ಲ ತಾನೆ? ಯಾವ ವೈರೂ ಇಲ್ಲದಂತೆ ಮೇಜಿನ ಮೇಲೆ ಇಟ್ಟು, ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ. ಬಿ ಪ್ಲಸ್‌ನಿಂದ ಮೋಟರಿನ ಒಂದೊಂದು ಸ್ಕ್ರೂಗೆ, ಬಿ ಮೈನಸ್‌ನಿಂದಲೂ ಒಂದೊಂದಕ್ಕೆ, ಮೊನೆಗಳನ್ನು ಅದಲುಬದಲು ಮಾಡಿ ನೋಡಿ. ಎರಡೂ ಕಡೆಯಿಂದ ಸೊನ್ನೆ ತೋರಿಸಿ ಬೀಪ್ ಅಂದರೆ ಒಳಗೆ ಶಾರ್ಟ್ ಆಗಿದೆ, ಅದನ್ನು ಬಿಡಿ. ಒಂದು ಕಡೆಯಿಂದ ಅರ್ಧ ವೋಲ್ಟ್ ಆಸುಪಾಸು ತೋರಿಸಿ, ಇನ್ನೊಂದು ಕಡೆಯಿಂದ ಅಷ್ಟು ಕಡಿಮೆ ತೋರಿಸದಿದ್ದರೆ ಒಂದು ಮೋಟರ್ ಕಟ್ಟಿ ಮೇಜಿನ ಮೇಲೆ ಓಡಿಸಿ ನೋಡಿ. ಓಡಿದರೆ ಮೇಲೆ ಚೀಟಿ ಅಂಟಿಸಿ ಸ್ಪೇರ್ ಡಬ್ಬಿಗೆ ಹಾಕಿ. ಎರಡೂ ಓಡುತ್ತವೆ ಅಂತ ನನ್ನ ಪಂದ್ಯ. ಓಡದಿದ್ದರೆ ಆರ್ ಐಎಸ್, ಎಲ್ ಐಎಸ್ ರೀಡಿಂಗ್ ಸಮೇತ ಮತ್ತೆ ಬರೆಯಿರಿ.